ಬೆಳಗಾವಿ ಸುತ್ತ ಹೊಳೆದಂಡೆ, ಕಾಡಿನ ದಾರಿಯಲ್ಲಿ ಓಡಬೇಕೆಂದರೆ ಎಲ್ಲಿಗೆ ಹೋಗಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕೆಲಸದ ಮೇಲೆ ಹೊಸದಾಗಿ ಬೆಳಗಾವಿಗೆ ಬಂದಿದ್ದೀರಿ, ಟಿಳಕವಾಡಿಯಲ್ಲಿ ಮನೆ, ದಿನಾ 5 ಕಿ.ಮೀ. ಓಡುವ ರೂಢಿ ಇದೆ. ರವಿವಾರಕ್ಕೊಂದು 10–12 ಕಿ.ಮೀ. ದಾರಿ ಬೇಕು, ಅದರಲ್ಲಿ ಹೊಳೆಯೂ ಇರಬೇಕು, ಕಾಡೂ ಇರಬೇಕು.

ಅಂಥ ದಾರಿಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಜನವರಿಯಲ್ಲಿ ಸೊಗಸಾಗಿರುವ ದಾರಿ ಜುಲೈನಲ್ಲಿ ಕಾಲು ಮುರಿಯುತ್ತದೆ. ಹಾಗಾಗಿ ಊರಿನ ಹೆಸರಿಗಿಂತ ಮೊದಲು ತಿಂಗಳು ಮತ್ತು ಮಣ್ಣು ನೋಡಿಕೊಳ್ಳಿ. ಬೆಳಗಾವಿ ಎರಡು ಮಣ್ಣುಗಳ ಸಂದಿಯಲ್ಲಿ ಕೂತ ಊರು. ಪಶ್ಚಿಮಕ್ಕೆ, ಖಾನಾಪುರದ ಕಡೆಗೆ, ಕೆಂಪು ಮುರುಮ, ಅಂದರೆ ಗರಸು ಮಣ್ಣು. ಮಳೆ ನಿಂತು ಒಂದೆರಡು ತಾಸಿಗೆ ನೀರು ಇಂಗಿ ಓಡಲು ಬರುತ್ತದೆ. ಬೈಲಹೊಂಗಲ, ಸವದತ್ತಿ ಕಡೆ ಹೊರಳಿದರೆ ಯರಿ, ಅಂದರೆ ಅಂಟು ಕಪ್ಪು ಮಣ್ಣು. ಹಸಿ ಯರಿಯಲ್ಲಿ ನೂರು ಹೆಜ್ಜೆ ಓಡಿದರೆ ಶೂ ಅಡಿಗೆ ಪದರದ ಮೇಲೆ ಪದರ ಮೆತ್ತಿ ಅರ್ಧ ಕಿಲೋ ಭಾರವಾಗುತ್ತದೆ. ಅದೇ ಮಣ್ಣು ಮಾರ್ಚ್–ಏಪ್ರಿಲ್‌ನಲ್ಲಿ ಬಾಯಿ ಬಿಟ್ಟು, ಬಿರುಕಿನಲ್ಲಿ ಕಾಲು ಸಿಕ್ಕಿ ಪಾದ ಹೊರಳುತ್ತದೆ. ಯಳ್ಳೂರು ರಸ್ತೆಯ ಗದ್ದೆಬದುಗಳು ನಿಮ್ಮ ಮನೆಗೆ ಹತ್ತಿರ ಇವೆ ಎಂದು ಮಳೆಗಾಲದಲ್ಲಿ ಅಲ್ಲಿಗೆ ಇಳಿಯಬೇಡಿ. ಅಲ್ಲೇ ಹರಿಯುವ ಬಳ್ಳಾರಿ ನಾಲೆ ಉಕ್ಕಿದರೆ ಬದು ಯಾವುದು, ಗದ್ದೆ ಯಾವುದು ತಿಳಿಯುವುದಿಲ್ಲ.

ವಾರದ ದಿನಗಳಿಗೆ ವ್ಯಾಕ್ಸಿನ್ ಡಿಪೋ ಆವರಣ ಸಾಕು. ದೊಡ್ಡ ಮರಗಳ ನೆರಳಿದೆ, ಮಣ್ಣುದಾರಿ ಇದೆ, ಟಿಳಕವಾಡಿಯಿಂದ ನಡೆದೇ ಹೋಗಬಹುದು. ಬೇರುಗಳು ಮಾತ್ರ ಮೇಲೆದ್ದಿರುತ್ತವೆ, ಬೆಳಕು ಹರಿಯದೆ ವೇಗ ಏರಿಸಬೇಡಿ. ಕ್ಯಾಂಪಿನ ರಸ್ತೆಗಳೂ ಚೆನ್ನ. ಮಿಲಿಟರಿ ಪ್ರದೇಶವಾದ್ದರಿಂದ ಗುರುತಿನ ಚೀಟಿ ಇಟ್ಟುಕೊಳ್ಳಿ, ಮೊಬೈಲ್ ಹಿಡಿದು ಫೋಟೋ ತೆಗೆಯುತ್ತ ಓಡಬೇಡಿ. 2022ರ ಆಗಸ್ಟ್‌ನಲ್ಲಿ ಇದೇ ಊರಿನ ಗಾಲ್ಫ್ ಮೈದಾನದಲ್ಲಿ ಚಿರತೆ ಕಾಣಿಸಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದ್ದರು. ಹೆದರಿಸಲು ಹೇಳುತ್ತಿಲ್ಲ. ಊರೊಳಗೇ ಹೀಗಾಗುವಾಗ ಖಾನಾಪುರದ ಕಾಡಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ಹೋಗುವುದು ಜಾಣತನ ಅಲ್ಲ.

ಇನ್ನು ರವಿವಾರ. ನನ್ನ ಮೊದಲ ಆಯ್ಕೆ ಖಾನಾಪುರದಿಂದ ಅಸೋಗಾ. ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿ.ಮೀ., ಬಸ್ಸೂ ಇದೆ, ರೈಲೂ ಇದೆ. ಊರಿನಿಂದ ಅಸೋಗಾದ ರಾಮಲಿಂಗೇಶ್ವರ ಗುಡಿ ನಾಲ್ಕೈದು ಕಿ.ಮೀ., ಗುಡಿ ಇರುವುದೇ ಮಲಪ್ರಭೆಯ ದಂಡೆಗೆ. ಹೋಗಿ ಬಂದರೆ ಎಂಟರಿಂದ ಹತ್ತು ಕಿ.ಮೀ. ಸಿಗುತ್ತದೆ. ಏರಿಳಿತ ಕಡಿಮೆ, ಮೊದಲ ಸಲ ಊರು ಬಿಟ್ಟು ಓಡುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಇಲ್ಲಿನ ಮಲಪ್ರಭೆ ಇನ್ನೂ ಎಳೆ ಹೊಳೆ, ಕಣಕುಂಬಿಯಲ್ಲಿ ಹುಟ್ಟಿ ಕಾಡು ಇಳಿದು ಬಂದಿರುತ್ತದೆ. ಕೂಡಲಸಂಗಮದಲ್ಲಿ ಕೃಷ್ಣೆ ಸೇರಲು ಇನ್ನೂ ಬಹುದೂರ ಹರಿಯಬೇಕು.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಜೇಡಿ. ಖಾನಾಪುರ ಕುಂಬಾರಿಕೆಗೂ ಹೆಂಚಿಗೂ ಹೆಸರಾದ ಊರು, ಕೇಂದ್ರ ಗ್ರಾಮೀಣ ಕುಂಬಾರಿಕೆ ಸಂಸ್ಥೆಯೂ ಇಲ್ಲೇ ಇದೆ. ಮಡಕೆಗೆ ಒದಗುವ ಆ ನುಣುಪು ಮಣ್ಣು ಹೊಳೆದಂಡೆಯಲ್ಲಿ ಒದ್ದೆಯಾದರೆ ಎಣ್ಣೆ ಸುರಿದ ಹಾಗೆ. ಮುರುಮದಲ್ಲಿ ಹಿಡಿಯುವ ಶೂ ಅದರಲ್ಲಿ ಹಿಡಿಯುವುದಿಲ್ಲ. ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಡಾಂಬರು ಬಿಟ್ಟು ದಂಡೆಗೆ ಇಳಿಯಬೇಡಿ. ಎರಡು, ಬಂಡೆ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಮೇಲೆ ಬಂದಾಗ ಜಿಗಿಜಿಗಿದು ದಾಟುವ ಆಸೆಯಾಗುತ್ತದೆ. ಪಾಚಿ ಒಣಗಿದಂತೆ ಕಂಡರೂ ಕಾಲಿಟ್ಟ ಕೂಡಲೇ ಜಾರುತ್ತದೆ, ಪಕ್ಕದಲ್ಲೇ ಮಡು ಇರುತ್ತದೆ. ಮುಖ ತೊಳೆಯುವುದಿದ್ದರೆ ಗುಡಿಯ ಮೆಟ್ಟಿಲಲ್ಲಿ ತೊಳೆಯಿರಿ. ಅಡ್ಡದಾರಿ ಎಂದು ರೈಲು ಹಳಿಯ ಪಕ್ಕ ಓಡುವವರನ್ನೂ ಈ ಭಾಗದಲ್ಲಿ ಕಾಣುತ್ತೀರಿ. ಜಲ್ಲಿಕಲ್ಲು ಪಾದಕ್ಕೆ ಕೆಟ್ಟದ್ದು, ರೈಲು ಜೀವಕ್ಕೆ.

ಹತ್ತು ಕಿ.ಮೀ. ಹಗುರ ಅನ್ನಿಸತೊಡಗಿದ ಮೇಲೆ ಜಾಂಬೋಟಿ ಕಡೆ ಹೋಗಿ. ಬೆಳಗಾವಿಯಿಂದ ಪೀರನವಾಡಿ, ಕಿಣಯೆ ದಾಟಿ ಚೋರ್ಲಾ ರಸ್ತೆಯಲ್ಲಿ ಹೋದರೆ ಕುಸಮಳಿ ಹತ್ತಿರ ಮತ್ತೆ ಮಲಪ್ರಭೆ ಸಿಗುತ್ತದೆ. ಆದರೆ ಆ ಮುಖ್ಯರಸ್ತೆಯ ಮೇಲೆ ಓಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಗೋವಾಕ್ಕೆ ಹೋಗುವ ಗಾಡಿಗಳೆಲ್ಲ ಅದರಲ್ಲೇ, ರವಿವಾರ ಇನ್ನೂ ಹೆಚ್ಚು, ತಿರುವಿನಲ್ಲಿ ನಿಲ್ಲಲು ಅಂಚಿನಲ್ಲಿ ಒಂದು ಅಡಿ ಜಾಗ ಇರುವುದಿಲ್ಲ. ಜಾಂಬೋಟಿಯಲ್ಲಿ ಗಾಡಿ ನಿಲ್ಲಿಸಿ ಖಾನಾಪುರ ರಸ್ತೆಯ ಕಡೆಗೋ ಒಳ ಹಳ್ಳಿಗಳ ಕಡೆಗೋ 5 ಕಿ.ಮೀ. ಹೋಗಿ ತಿರುಗಿ. ಗೇರು ತೋಟ, ಭತ್ತದ ಗದ್ದೆ, ನಡುನಡುವೆ ಕಾಡು. ಹಬ್ಬನಹಟ್ಟಿಯ ಸ್ವಯಂಭು ಮಾರುತಿ ಗುಡಿ ಈ ಸುತ್ತಿನಲ್ಲೇ ಇದೆ. ಮಳೆಗಾಲದಲ್ಲಿ ಹೊಳೆ ಏರಿ ಗುಡಿಯೇ ಮುಳುಗುತ್ತದೆ. ಗುಡಿ ಮುಳುಗಿದ ಸುದ್ದಿ ಪೇಪರಿನಲ್ಲಿ ಬಂದ ವಾರ ಈ ಕಡೆಯ ಯಾವ ಹಳ್ಳದ ಸೇತುವೆಯನ್ನೂ ನಂಬಬೇಡಿ. ಪಾದ ಮುಳುಗುವಷ್ಟೇ ನೀರು ಹರಿಯುತ್ತಿದೆ ಎಂದು ಕಂಡರೂ ವಾಪಸ್ ತಿರುಗಿ. ಮೇಲೆ ಕಣಕುಂಬಿಯಲ್ಲಿ ಬೆಳಗಾವಿಯ ಹಲವು ಪಟ್ಟು ಮಳೆ ಬೀಳುತ್ತದೆ. ನೀವು ನಿಂತಲ್ಲಿ ಹನಿ ಇಲ್ಲದಿದ್ದರೂ ಹೊಳೆ ಏರಬಹುದು.

ಮಳೆಗಾಲಕ್ಕೇ ಒಂದು ದಾರಿ ಬೇಕೆಂದರೆ ಬೆಳಗುಂದಿಯಿಂದ ರಾಕಸಕೊಪ್ಪದ ಕಡೆಗಿನ ಡಾಂಬರು ರಸ್ತೆ. ಬೆಳಗಾವಿಯ ಕುಡಿಯುವ ನೀರಿನಲ್ಲಿ ಒಂದು ಪಾಲು ಬರುವುದು ಮಾರ್ಕಂಡೇಯ ನದಿಗೆ ಕಟ್ಟಿದ ಅಲ್ಲಿನ ಜಲಾಶಯದಿಂದ. ಗದ್ದೆ, ಗೆಣಸಿನ ಹೊಲ, ಗುಡ್ಡ, ಮಂಜು. ಆಣೆಕಟ್ಟಿನ ಆವರಣದೊಳಗೆ ನುಗ್ಗುವ ಯೋಚನೆ ಬೇಡ, ಹೊರಗಿನ ರಸ್ತೆಯೇ ಸಾಕಷ್ಟು ಚೆಂದ ಇದೆ. ತೋಟದ ಮನೆಗಳ ನಾಯಿಗಳು ಮಾತ್ರ ಬೆನ್ನು ಹತ್ತುತ್ತವೆ. ಓಡಿದರೆ ಅವೂ ಓಡುತ್ತವೆ. ನಿಂತು, ಅವುಗಳ ಕಡೆ ಮುಖ ಮಾಡಿ, ಕಲ್ಲು ಎತ್ತಿಕೊಳ್ಳುವಂತೆ ಬಗ್ಗಿದರೆ ಹತ್ತರಲ್ಲಿ ಒಂಬತ್ತು ಹಿಂದೆ ಸರಿಯುತ್ತವೆ. ಆಮೇಲೆ ಐವತ್ತು ಹೆಜ್ಜೆ ನಡೆದು ಮತ್ತೆ ಓಟ ಶುರು ಮಾಡಿ.

ಏರು ಬೇಕೆನ್ನುವವರಿಗೆ ರಾಜಹಂಸಗಡ ಇದೆ, ಕೋಟೆಯ ತನಕ ರಸ್ತೆ ಇದೆ. ಏರುವಾಗ ಕಿ.ಮೀ.ಗೆ ಎಷ್ಟು ನಿಮಿಷ ಎಂದು ವಾಚ್ ನೋಡಬೇಡಿ, ಮಾತಾಡಲು ಉಸಿರು ಉಳಿಯುವಷ್ಟೇ ವೇಗ ಇರಲಿ. ಮೊಣಕಾಲು ಕೆಡುವುದು ಇಳಿಯುವಾಗ. ಉದ್ದ ಹೆಜ್ಜೆ ಹಾಕಿ ಹಿಮ್ಮಡಿ ಊರಿದರೆ ಪೂರ್ತಿ ಭಾರ ಮೊಣಕಾಲಿಗೆ ಬರುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಮೈಯನ್ನು ತುಸು ಮುಂದಕ್ಕೆ ಬಾಗಿಸಿ ಇಳಿಯಿರಿ. ಗೋಕಾಕಿಗೂ ಕೆಲವರು ಓಡಲೆಂದು ಹೋಗುತ್ತಾರೆ. 52 ಮೀಟರ್ ಜಲಪಾತ, ಘಟಪ್ರಭೆಯ ಕಣಿವೆ, ನೋಡಲೇಬೇಕಾದ ಜಾಗ. ಆದರೆ ಅದು ನೋಡಲು, ಓಡಲು ಅಲ್ಲ. ತೂಗುಸೇತುವೆ ಓಟಕ್ಕೆ ತೂಗಾಡುತ್ತದೆ, ಜನಜಂಗುಳಿ ಬೇರೆ.

ಭೀಮಗಡ ಅಂತ ಯಾರಾದರೂ ಹೇಳೇ ಹೇಳುತ್ತಾರೆ. 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ ಅದು, 190 ಚದರ ಕಿ.ಮೀ. ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಅದು ಗೈಡ್ ಜೊತೆ ನಡೆಯಲು. ಅಂಚಿನ ಹಳ್ಳಿರಸ್ತೆಗಳಲ್ಲಿ ಓಡುವವರಿಗೂ ಕೆಲವು ಮಾತು ಅನ್ವಯಿಸುತ್ತವೆ. ಸೂರ್ಯ ಹುಟ್ಟುವ ಮೊದಲು ಕಾಡುರಸ್ತೆಗೆ ಇಳಿಯಬೇಡಿ. ಬೆಳಗಾವಿ ಪಶ್ಚಿಮದಲ್ಲಿರುವುದರಿಂದ ಜನವರಿಯಲ್ಲಿ ಸೂರ್ಯ ಕಾಣಲು 7 ಗಂಟೆ ದಾಟುತ್ತದೆ, ಜೂನ್‌ನಲ್ಲಿ 6ರ ಹೊತ್ತಿಗೇ ಬೆಳಗು. ಬೆಂಗಳೂರಿನ ಲೆಕ್ಕದಲ್ಲಿ ಹೊರಟರೆ ಕತ್ತಲೆಯಲ್ಲಿ ಸಿಕ್ಕಿಬೀಳುತ್ತೀರಿ. ಕರಡಿ ಮೇಲೆ ಬೀಳುವುದು ಹೆಚ್ಚಾಗಿ ಗಾಬರಿಯಿಂದ. ತಿರುವು ಬಂದಾಗ ಜೋರಾಗಿ ಮಾತಾಡಿ, ಚಪ್ಪಾಳೆ ತಟ್ಟಿ. ಇಬ್ಬರಿಗಿಂತ ಮೂವರಿದ್ದರೆ ಒಳ್ಳೆಯದು. ಕಾಡುಕೋಣ ಎದುರಾದರೆ ನಿಂತು, ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ, ಒಂಟಿ ಕೋಣವಾದರೆ ಆ ದಿನ ಆ ದಾರಿ ಬಿಟ್ಟುಬಿಡಿ. ಭತ್ತ, ಕಬ್ಬು ಕೊಯ್ಲಿನ ಕಾಲಕ್ಕೆ ದಾಂಡೇಲಿ ಕಡೆಯಿಂದ ಆನೆಗಳೂ ಬರುವುದುಂಟು. ಹೊರಡುವ ಮೊದಲು ಊರಿನ ಚಹಾದಂಗಡಿಯಲ್ಲಿ ಒಂದು ಮಾತು ಕೇಳಿ, ನಿನ್ನೆ ರಾತ್ರಿ ಏನಾಯಿತೆಂದು ಅವರಿಗೆ ಗೊತ್ತಿರುತ್ತದೆ. ಖಾನಾಪುರದ ಪಶ್ಚಿಮ ಹಳ್ಳಿಗಳಲ್ಲಿ ಕನ್ನಡಕ್ಕಿಂತ ಮರಾಠಿ, ಕೊಂಕಣಿ ಹೆಚ್ಚು. "ಗವಾ" ಎಂದರೆ ಕಾಡುಕೋಣ, "ಅಸ್ವಲ್" ಎಂದರೆ ಕರಡಿ, ಇಷ್ಟು ತಿಳಿದಿದ್ದರೆ ಸಾಕು.

ದೊಡ್ಡ ಪ್ರಾಣಿಗಳಿಗಿಂತ ಸಣ್ಣವೇ ಹೆಚ್ಚು ಕಾಡುತ್ತವೆ. ಮಳೆಗಾಲದಲ್ಲಿ ಜಿಗಣೆ: ಸಾಕ್ಸ್ ಉದ್ದದ್ದಿರಲಿ, ಅದರ ಮೇಲೆ ತಂಬಾಕು–ಸುಣ್ಣ ಕಲಸಿದ ನೀರು ಸವರಿ ಒಣಗಿಸಿಕೊಳ್ಳಿ. ಹತ್ತಿದ ಜಿಗಣೆಯನ್ನು ಎಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬೀಳುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಉಣ್ಣಿ, ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ, ಗಡಿಯಾಚೆ ಗೋವಾದ ಸತ್ತರಿಯಲ್ಲಿ 2015ರಲ್ಲಿ ಅದು ಕಾಣಿಸಿಕೊಂಡಿತ್ತು. ಒಣ ಎಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೊಣಕಾಲ ಹಿಂದೆ, ತೊಡೆಸಂದಿ, ಕಂಕುಳ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ.

ನೀರು ತಾಸಿಗೆ ಅರ್ಧ ಲೀಟರ್ ಲೆಕ್ಕ ಹಿಡಿಯಿರಿ, ಏಪ್ರಿಲ್–ಮೇನಲ್ಲಿ ಜೊತೆಗೆ ಚಿಟಿಕೆ ಉಪ್ಪು. ಜಾಂಬೋಟಿ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಎಷ್ಟೊತ್ತಿಗೆ ವಾಪಸ್ ಎಂದು ಒಬ್ಬರಿಗೆ ಹೇಳಿ ಹೊರಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಯಾವ ರಸ್ತೆಯಾದರೂ ಕಬ್ಬಿನ ಟ್ರ್ಯಾಕ್ಟರ್ ಇದ್ದೇ ಇರುತ್ತದೆ, ಹಿಂದೆ ಎರಡು ಟ್ರೇಲರ್, ಹಾಡು ಜೋರು. ಚಾಲಕನಿಗೆ ನಿಮ್ಮ ಕೂಗು ಕೇಳುವುದಿಲ್ಲ, ಹಿಂದಿನ ಟ್ರೇಲರ್ ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ. ಎದುರಿನಿಂದ ಬರುವ ಗಾಡಿಗೆ ಮುಖ ಮಾಡಿ ಬಲಬದಿಗೆ ಓಡಿ, ಟ್ರ್ಯಾಕ್ಟರ್ ಬಂದರೆ ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲಿ.

ಶೂ ಎರಡು ಜೊತೆ ಇರಲಿ. ಮುರುಮಕ್ಕೆ ಅಡಿಯಲ್ಲಿ ಹಲ್ಲುಗಳಿರುವ ಟ್ರೇಲ್ ಶೂ, ಡಾಂಬರಿಗೆ ಮಾಮೂಲಿನದು. ಜುಲೈ–ಆಗಸ್ಟ್‌ನ ಬೆಳಗಾವಿಯಲ್ಲಿ ನೆನೆದ ಶೂ ಎರಡು ದಿನವಾದರೂ ಒಣಗುವುದಿಲ್ಲ. ಒಳಅಟ್ಟೆ ತೆಗೆದು, ಹಳೆ ಪೇಪರ್ ಉಂಡೆ ಮಾಡಿ ತುರುಕಿ, ಮೂರು ತಾಸಿಗೊಮ್ಮೆ ಪೇಪರ್ ಬದಲಿಸಿ ಫ್ಯಾನಿನ ಕೆಳಗೆ ಇಡಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಡಿ ಕಳಚಿಕೊಳ್ಳುತ್ತದೆ.