ಟ್ರಂಕಿನ ಟೋಪಿಗೆ ಗೋಡೆ ಏಕೆ?

ಪ್ರಶ್ನೆ: ನಮ್ಮ ತಂದೆ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿದ್ದರು. 1971ರ ಯುದ್ಧದಲ್ಲಿ ಅಂದಿನ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) ಜಮಾಲ್‌ಪುರದಲ್ಲಿ ಹೋರಾಡಿದವರು. ಕಳೆದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಪಾಕಿಸ್ತಾನಿ ಸೈನಿಕನೊಬ್ಬನ ಟೋಪಿ ಸಿಕ್ಕಿದೆ. ಒಳಪಟ್ಟಿಯ ಮೇಲೆ ಶಾಯಿಯಲ್ಲಿ ಉರ್ದು ಹೆಸರಿದೆ. ‘ಸೆರೆ ಸಿಕ್ಕವನದು’ ಎಂದಷ್ಟೇ ಅವ್ವನಿಗೆ ಹೇಳಿದ್ದರಂತೆ. ಅಣ್ಣನಿಗೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಪ್ಪನ ಫೋಟೊ ಕೆಳಗೆ ತೂಗುಹಾಕುವ ಹಟ. ಆ ಮನೆಯವರನ್ನು ಹುಡುಕಿ ಮರಳಿಸೋಣ ಎಂದದ್ದಕ್ಕೆ, ಅಪ್ಪನಿಗೆ ಅವಮಾನ ಮಾಡುತ್ತಿದ್ದೀಯೆಂದು ನನ್ನೊಡನೆ ಮಾತು ಬಿಟ್ಟಿದ್ದಾನೆ. ಏನು ಮಾಡಲಿ?
– ಓದುಗರು, ಬೈಲಹೊಂಗಲ ತಾಲ್ಲೂಕು

ಉತ್ತರ: ನಿಮ್ಮ ತಂದೆ ಇಷ್ಟು ವರ್ಷ ಟೋಪಿಯನ್ನು ಟ್ರಂಕಿನೊಳಗೇ ಇಟ್ಟಿದ್ದರು. ಗೋಡೆಗೆ ಮೊಳೆ ಹೊಡೆಯಲು ಅವರಿಗೆ ಬರುತ್ತಿರಲಿಲ್ಲ ಎಂದೇನಲ್ಲವಲ್ಲ! ಅಣ್ಣನೊಡನೆ ಮಾತು ಶುರುಮಾಡುವುದಿದ್ದರೆ ಇಲ್ಲಿಂದ ಶುರುಮಾಡಿ.

ಜಮಾಲ್‌ಪುರ ಸಣ್ಣ ಕಾಳಗವಲ್ಲ. ಶರಣಾಗಿ ಎಂದು ನಮ್ಮ ಸೇನೆಯ ಬ್ರಿಗೇಡಿಯರ್ ಕ್ಲೇರ್ ಬರೆದ ಪತ್ರಕ್ಕೆ ಎದುರಾಳಿ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರವಾಗಿ ಕಳುಹಿಸಿದ್ದು ಕಾಗದದಲ್ಲಿ ಸುತ್ತಿದ ಗುಂಡು. ಡಿಸೆಂಬರ್ 10ರ ರಾತ್ರಿ ಮುತ್ತಿಗೆ ಭೇದಿಸಿ ಹೊರಬರಲು ನೋಡಿದ ಅವನ ಪಡೆ ಮರಾಠಾ ಯೋಧರ ಗುಂಡಿಗೆ ಎದುರಾಯಿತು. ಮರುದಿನ ಊರು ಶರಣಾಯಿತು. ಅಂಥ ರಾತ್ರಿ ಕಂಡವರ ಶೌರ್ಯಕ್ಕೆ ಟೋಪಿಯ ಸಾಕ್ಷಿ ಬೇಕಾಗಿಲ್ಲ.

ಟೋಪಿ ಅವರ ಕೈಗೆ ಬಂದದ್ದು ಹೇಗೆ? 1949ರ ಜಿನೀವಾ ಒಪ್ಪಂದದಂತೆ ಯುದ್ಧಕೈದಿಯಿಂದ ಆಯುಧ ಕಸಿಯಬಹುದು. ಬಟ್ಟೆಬರೆ, ಶಿರಸ್ತ್ರಾಣ, ದರ್ಜೆಯ ಹಾಗೂ ದೇಶದ ಬಿಲ್ಲೆಗಳು ಅವನಲ್ಲೇ ಉಳಿಯಬೇಕು. ಹಾಗೆಂದು ನಿಮ್ಮ ತಂದೆ ಕಸಿದುಕೊಂಡರು ಎಂದು ತೀರ್ಮಾನಿಸಬೇಡಿ. ನೆಲದಲ್ಲಿ ಬಿದ್ದದ್ದನ್ನು ಎತ್ತಿಕೊಂಡಿರಬಹುದು. ಬೀಡಿಗೋ ಚಹಾಕ್ಕೋ ಅವನೇ ಕೊಟ್ಟಿರಲೂಬಹುದು. ಅವರ ಪಲ್ಟನ್ನಿನ ಗೆಳೆಯರು ಯಾರಾದರೂ ಇದ್ದರೆ ಅವ್ವನನ್ನೂ ಅಣ್ಣನನ್ನೂ ಕರೆದುಕೊಂಡು ಹೋಗಿ ಕೇಳಿ. ಆ ಕಥೆ ನಿಮ್ಮೊಬ್ಬರ ಕಿವಿಗೆ ಮಾತ್ರ ಬೀಳುವುದು ಬೇಡ.

ಮರಳಿಸುವ ಆಸೆ ಒಳ್ಳೆಯದೇ. ಆದರೆ ನಿಮಗೂ ಒಂದು ಎಚ್ಚರಿಕೆ ಹೇಳಬೇಕು. ಆ ಹೆಸರನ್ನು ಫೇಸ್‌ಬುಕ್‌ಗೆ ಹಾಕಬೇಡಿ. 1971ರಲ್ಲಿ ಸೆರೆಯಾದ ಸುಮಾರು 93,000 ಮಂದಿಯನ್ನು 1974ರ ಏಪ್ರಿಲ್ ಹೊತ್ತಿಗೆ ವಾಪಸು ಕಳುಹಿಸಲಾಗಿತ್ತು. ಹಾಗೆ ಊರಿಗೆ ಮರಳಿದವನೊಬ್ಬ ಸೆರೆಯ ವಿಷಯವನ್ನು ಮಕ್ಕಳ ಮುಂದೆ ಬಾಯಿಬಿಡದೆ ಸತ್ತಿರಬಹುದು. ಅದನ್ನು ಅಪರಿಚಿತರು ಜಗಜ್ಜಾಹೀರು ಮಾಡಿದರೆ ಆ ಮನೆಗೆ ಉಪಕಾರವಾಗುತ್ತದೆಯೇ? ನಿಮ್ಮ ಮನಸ್ಸು ಹಗುರಾದೀತು, ಅಷ್ಟೇ.

ನನ್ನ ಸಲಹೆ: ಗೋಡೆಯೂ ಬೇಡ, ಗಡಿಯಾಚೆಯ ಹುಡುಕಾಟವೂ ಈಗ ಬೇಡ. ಪರಿಚಯದ ಉರ್ದು ಶಿಕ್ಷಕರಿಂದ ಹೆಸರು ಓದಿಸಿ, ಸಿಕ್ಕ ವಿವರವನ್ನೆಲ್ಲ ಬರೆದಿಡಿ. ಬೆಳಗಾವಿಯ ರೆಜಿಮೆಂಟಲ್ ಸೆಂಟರ್‌ಗೆ ಪತ್ರ ಹಾಕಿ, ಇದನ್ನು ಒಪ್ಪಿಸಿಕೊಳ್ಳುತ್ತೀರಾ ಎಂದು ಕೇಳಿ. ಪತ್ರಕ್ಕೆ ಅಣ್ಣನ ಸಹಿಯೇ ಇರಲಿ. ಅವನಿಗೆ ಬೇಕಾಗಿರುವುದು ಅಪ್ಪನಿಗೆ ಸಲ್ಲಬೇಕಾದ ಗೌರವ. ಅದಕ್ಕೆ ಅಪ್ಪನದೇ ಪದಕಗಳಿವೆಯಲ್ಲ, ಗಾಜಿನ ಪೆಟ್ಟಿಗೆಯನ್ನು ಅವುಗಳಿಗೆ ಮಾಡಿಸಿ. ಖರ್ಚಿನಲ್ಲಿ ನೀವೂ ಪಾಲು ಹಾಕಿ.

ಉತ್ತರ ಬರುವವರೆಗೆ ಟೋಪಿಯನ್ನು ಒಗೆಯಬೇಡಿ, ಶಾಯಿ ಅಳಿಸಿಹೋದೀತು. ಹೊಳೆಯಲೆಂದು ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದೂ ಬೇಡ.