ಹೊಸನಗರದ ತಂಗಿಗೆ, ನನ್ನ 'ಹೂಂ' ಕತೆ

ಹೊಸನಗರದ ತಂಗಿಯೊಬ್ಬಳು ಕೇಳಿದ್ದಾಳೆ: 'ಅಕ್ಕ, ಈ ವರ್ಷ ಬಿಎಸ್ಸಿ ನರ್ಸಿಂಗ್ ಮುಗಿಯಿತು. ಈಗಲೇ ಇಂಗ್ಲೆಂಡಿಗೆ ಬರಬಹುದಾ, ಇಲ್ಲ ಇಲ್ಲೇ ಎರಡು ವರ್ಷ ಕೆಲಸ ಮಾಡಬೇಕಾ? ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ ಒಳ್ಳೆಯದಾ, ಒಇಟಿನಾ? ಏಜೆಂಟ್ ಮೂರು ಲಕ್ಷ ಕೇಳ್ತಿದಾನೆ, ಕೊಡಬಹುದಾ? ಬರುವಾಗ ಏನೇನು ತರಬೇಕು?'

ಮೊದಲು ದುಡ್ಡಿನ ವಿಷಯ. ಕೊಡಬೇಡ ಮಾರಾಯ್ತಿ. ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗೆ ನಮ್ಮಂಥ ನರ್ಸ್‌ಗಳನ್ನು ಹುಡುಕಿಕೊಡುವ ಏಜೆನ್ಸಿ ಕೆಲಸ ಕೊಡಿಸಿದ್ದಕ್ಕೆ ನಮ್ಮ ಹತ್ತಿರ ದುಡ್ಡು ತೆಗೆದುಕೊಳ್ಳುವ ಹಾಗೇ ಇಲ್ಲ, ನಿಯಮ ಹಾಗಿದೆ. ನಮ್ಮ ದೇಶದ ಕಾನೂನಿನಲ್ಲೂ ಲೈಸೆನ್ಸ್ ಇರುವ ಏಜೆಂಟ್ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವನ ಹೆಸರು ಇದೆಯಾ ನೋಡು. ಇಲ್ಲದಿದ್ದರೆ ಎದ್ದು ಬಾ.

ನನಗೆ ಇದೆಲ್ಲ ಗೊತ್ತಿರಲಿಲ್ಲ. 2017ರಲ್ಲಿ ಅಪ್ಪ ಮುಂದಿನ ಅಡಿಕೆ ಫಸಲಿನ ಮೇಲೆ ಮಂಡಿಯಲ್ಲಿ ಎರಡೂವರೆ ಲಕ್ಷ ಮುಂಗಡ ತಂದು ಏಜೆಂಟನ ಮೇಜಿನ ಮೇಲಿಟ್ಟರು. ರಸೀದಿ ಕೇಳಲಿಲ್ಲ. ಕೇಳಿದರೆ ನಂಬಿಕೆ ಇಲ್ಲ ಅಂದುಕೊಂಡಾನು ಅಂತ ಸಂಕೋಚ, ನಮ್ಮ ಕಡೆಯವರ ಬುದ್ಧಿ ನಿನಗೆ ಗೊತ್ತಲ್ಲ. ಅವನು ಹೇಳಿದ್ದಕ್ಕೆಲ್ಲ ಅಪ್ಪ ಹೂಂ ಅಂದರು, ಪಕ್ಕದಲ್ಲಿ ಕೂತು ನಾನೂ ಹೂಂ ಅಂದೆ. 2018ರ ಮಳೆಗೆ ತೋಟಕ್ಕೆ ಕೊಳೆ ರೋಗ ಬಂತು. ಎರಡು ಸಲ ಔಷಧಿ ಹೊಡೆಸಿದರೂ ನಿಲ್ಲಲಿಲ್ಲ. ಇಲ್ಲಿ ಮೊದಲ ಒಂದೂವರೆ ವರ್ಷ ಉಳಿಸಿದ್ದೆಲ್ಲ ಆ ಮಂಡಿ ಬಾಕಿಗೇ ಹೋಯಿತು.

ಪರೀಕ್ಷೆ ಬಗ್ಗೆ ಜಾಸ್ತಿ ಹೇಳಲ್ಲ. ನನ್ನ ಕಾಲದಲ್ಲಿ ಐಇಎಲ್‌ಟಿಎಸ್‌ನ ನಾಲ್ಕೂ ಭಾಗದಲ್ಲಿ 7 ಬೇಕಿತ್ತು. ರೈಟಿಂಗ್‌ನಲ್ಲಿ ಎರಡು ಸಲ 6.5ಕ್ಕೆ ನಿಂತು ಮೂರನೇ ಸಲ ಪಾಸಾದೆ. ನಾನು ಬಂದು ಎರಡೇ ತಿಂಗಳಿಗೆ, 2018ರ ಡಿಸೆಂಬರ್‌ನಲ್ಲಿ, ರೈಟಿಂಗ್‌ಗೆ 6.5 ಸಾಕು ಅಂತ ಮಾಡಿದರು! ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀನು ಒಇಟಿ ತೆಗೆದುಕೋ, ಅದರಲ್ಲಿ ಬರುವುದೆಲ್ಲ ವಾರ್ಡಿನ ಮಾತೇ. ಆಮೇಲೆ ನಮ್ಮ ದೇಶದಲ್ಲೇ ಕಂಪ್ಯೂಟರಿನಲ್ಲಿ ನರ್ಸಿಂಗ್ ಪರೀಕ್ಷೆ, ಇಲ್ಲಿಗೆ ಬಂದ ಮೇಲೆ ಓಸ್ಕಿ, ಅಂದರೆ ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ. ನನಗೆ ಆರು ಸ್ಟೇಷನ್ ಇತ್ತು, 2021ರಿಂದ ಹತ್ತು. ಅದು ಪಾಸಾಗಿ ಪಿನ್, ಅಂದರೆ ನರ್ಸ್ ಅಂತ ಇಲ್ಲಿನ ನೋಂದಣಿ ನಂಬರ್, ಬರುವ ತನಕ ಸಂಬಳ ಕಮ್ಮಿ. ಜರ್ಮನಿಗೆ ಹೋಗುವುದಾದರೆ ಬಿ2 ತನಕ ಭಾಷೆ ಕಲಿಯಬೇಕು. ಗಲ್ಫ್ ಬಗ್ಗೆ ಅಲ್ಲಿರುವವರನ್ನೇ ಕೇಳು.

ಈಗಲೇ ಬರಬೇಕಾ? ಬೇಡ. ಇಲ್ಲೂ ಮೊದಲಿನಷ್ಟು ಜನರನ್ನು ಹೊರಗಿಂದ ಕರೆಯುತ್ತಿಲ್ಲ, ಕರೆದರೂ ಅನುಭವ ಇದ್ದವರಿಗೇ ಮೊದಲು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಎಲ್ಲೋ ಎರಡು ವರ್ಷ ನೈಟ್ ಡ್ಯೂಟಿ ಮಾಡು, ಕೈ ಪಳಗಲಿ. ನನ್ನ ಇಂಟರ್‌ವ್ಯೂನಲ್ಲಿ ಸೋಂಕಿನ ಬಗ್ಗೆ ಕೇಳಿದಾಗ ಮಂಗನ ಕಾಯಿಲೆ ರೋಗಿಗಳನ್ನು ನೋಡಿಕೊಂಡಿದ್ದು ಹೇಳಿದೆ. ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಸಿಕ್ಕಿದ ರೋಗ, ಉಣ್ಣಿ ಕಚ್ಚಿ ಬರುತ್ತದೆ ಅಂದೆ. ಮೂವರೂ ಪೆನ್ನು ತೆಗೆದು ಬರೆದುಕೊಂಡರು. ಆವತ್ತು ಎಷ್ಟು ಜಂಬ ಬಂತು ಗೊತ್ತಾ.

ಆ ಜಂಬ ಇಳಿದಿದ್ದು ಪಿನ್ ಬಂದ ಮೂರನೇ ತಿಂಗಳಲ್ಲಿ. ರಾತ್ರಿ ಪಾಳಿ, ಮೂಳೆ ವಾರ್ಡು. ಪಾಳಿ ಬದಲಾಗುವಾಗ ರೋಗಿಗಳ ವಿಷಯ ಹೇಳಿ ಹ್ಯಾಂಡೋವರ್ ಕೊಡುವ ಸಿಸ್ಟರ್ ಆ ಊರಿನವರೇ, ಮಾತು ಓಡುತ್ತಿತ್ತು. ಸೊಂಟ ಮುರಿದ ಒಬ್ಬ ಅಜ್ಜನ ಬಗ್ಗೆ ಏನೇನೋ ಹೇಳಿದರು. ನನಗೆ ಸಿಕ್ಕಿದ್ದು 'ಸ್ಟಾರ್ವ್ಡ್ ಫ್ರಮ್ ಟ್ವೆಲ್ವ್' ಅನ್ನುವಷ್ಟೇ. ಪಾಪ, ಮಧ್ಯಾಹ್ನ ಹನ್ನೆರಡರಿಂದ ಏನೂ ತಿಂದಿಲ್ಲ ಅಂದುಕೊಂಡೆ. ಅರ್ಥ ಆಯಿತಾ ಅಂತ ಕೇಳಿದರು. ಹೂಂ ಅಂತ ತಲೆ ಆಡಿಸಿದೆ.

ಇಲ್ಲಿ ಹಾಗಂದರೆ ಆಪರೇಷನ್‌ಗೆ ಮುಂಚೆ ರಾತ್ರಿ ಹನ್ನೆರಡರಿಂದ ಏನೂ ಕೊಡಬೇಡಿ ಅಂತ. ನಮ್ಮಲ್ಲಿ ಎನ್‌ಪಿಓ ಅಂತೀವಲ್ಲ, ಅದೇ. ಚಾರ್ಟಿನಲ್ಲಿ ಬರೆದೂ ಇತ್ತು, ನಾನು ನೋಡಲಿಲ್ಲ. ಊರಲ್ಲಾದರೆ ಮಂಚದ ಕೆಳಗೆ ಚಾಪೆ ಹಾಕಿಕೊಂಡು ಮಗಳೋ ಸೊಸೆಯೋ ಮಲಗಿರುತ್ತಾಳೆ, 'ಡಾಕ್ಟ್ರು ಏನೂ ಕೊಡಬೇಡಿ ಅಂದಿದಾರೆ' ಅಂತ ಕೈ ಹಿಡಿಯುತ್ತಾಳೆ. ಇಲ್ಲಿ ರಾತ್ರಿ ಮನೆಯವರು ಇರುವುದಿಲ್ಲ. ಅಜ್ಜನಿಗೆ ಸ್ವಲ್ಪ ಮರೆವು ಬೇರೆ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ದಿಂಬು ಎತ್ತರ ಮಾಡಿ, ಹಾಲು ಹಾಕಿದ ಟೀ, ಬೆಣ್ಣೆ ಹಚ್ಚಿದ ಎರಡು ಟೋಸ್ಟ್ ತಿನ್ನಿಸಿದೆ. ಎರಡನೆಯದನ್ನು ಬೇಡ ಅಂದ. ನಾನೇ ಒತ್ತಾಯ ಮಾಡಿದೆ, ನಮ್ಮ ಮನೆಗೆ ಬಂದ ನೆಂಟನಿಗೆ ಮಾಡಿದ ಹಾಗೆ.

ಆಪರೇಷನ್ ಮರುದಿನಕ್ಕೆ ಹೋಯಿತು. ಯಾರೂ ಕೂಗಾಡಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಆ ಸಿಸ್ಟರ್ ಕೂರಿಸಿಕೊಂಡು 'ನಿನಗೆ ಕೇಳಿಸಲಿಲ್ಲವಾ, ಅರ್ಥ ಆಗಲಿಲ್ಲವಾ?' ಅಂತ ಕೇಳಿದರು, ಅಷ್ಟೇ. ನಡೆದಿದ್ದನ್ನು ನಾನೇ ಬರೆದು ರಿಪೋರ್ಟ್ ಹಾಕಿದೆ, ಅಜ್ಜನಿಗೂ ಅವನ ಮಗಳಿಗೂ ನಾನೇ ಹೇಳಿದೆ. ಮಗಳು ಏನೂ ಅನ್ನಲಿಲ್ಲ. ಅಜ್ಜ ಟೀ ಚೆನ್ನಾಗಿತ್ತು ಅಂದ. ಮಾರನೇ ರಾತ್ರಿ ನಾನು ಅದೇ ವಾರ್ಡಿನಲ್ಲಿದ್ದೆ. ಮಗ್ಗುಲು ತಿರುಗಿಸುವಾಗೆಲ್ಲ ಅವನು ನರಳುತ್ತಿದ್ದ. ಆ ಒಂದು ದಿನದ ನೋವು ನನ್ನ ಲೆಕ್ಕದ್ದು.

ಆವತ್ತಿನಿಂದ 'ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳಿ' ಅನ್ನುವುದನ್ನು ಸ್ನಾನದ ಮನೆಯಲ್ಲಿ ನಿಂತು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದ್ದೇನೆ, ನಗಬೇಡ. ನೀನು ಅದನ್ನು ಏಜೆಂಟನ ಮುಂದೆಯೇ ಶುರು ಮಾಡು. ಮೂರು ಲಕ್ಷ ಯಾವುದಕ್ಕೆ, ಬರೆದು ಕೊಡಿ ಅನ್ನು. ಅಪ್ಪ ಪಕ್ಕದಲ್ಲಿ ಕೂತು ಸುಮ್ನಿರು ಅಂತ ಕಣ್ಣು ಮಾಡುತ್ತಾರೆ, ಮಾಡಲಿ.

ತರಬೇಕಾದ್ದು: ಒಳ್ಳೆಯ ಜರ್ಕಿನ್ ಇಲ್ಲಿಗೆ ಬಂದೇ ಕೊಳ್ಳು, ಊರಿನ ಸ್ವೆಟರ್ ಸಾಲದು. ಕೊಡೆ ಬೇಡ, ಗಾಳಿಗೆ ತಿರುವಿ ಹಾಕುತ್ತದೆ. ಕುಕ್ಕರ್ ತಾ. ಅಪ್ಪೆಮಿಡಿ ಉಪ್ಪಿನಕಾಯಿ ತರುವುದಾದರೆ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತು, ಸರ್ಟಿಫಿಕೇಟ್ ಫೈಲನ್ನು ಕೈಚೀಲದಲ್ಲಿಡು. ನಾನು ಎರಡನ್ನೂ ಒಂದೇ ಸೂಟ್‌ಕೇಸಿಗೆ ಹಾಕಿದ್ದೆ. ಮೂರನೇ ವರ್ಷದ ಮಾರ್ಕ್ಸ್ ಕಾರ್ಡ್ ಮೂಲೆಯಲ್ಲಿ ಮಿಡಿ ರಸದ ಕಲೆ ಇನ್ನೂ ಇದೆ. ಎಚ್‌ಆರ್‌ನವಳು ಮೊದಲ ದಿನ ಅದನ್ನು ಹತ್ತಿರ ಹಿಡಿದು ಮೂಸಿ ನೋಡಿದ್ದಳು, ನನಗೆ ಅಲ್ಲೇ ಬಾಯಲ್ಲಿ ನೀರು ಬಂದಿತ್ತು.