ಸಣ್ಣ ಪಾಕೆಟ್ ಜೋಡಿ ಬಿಡಬೇಡಿ, ರೈಸ್ ಮಾಡಿದವರು ಯಾರು ಅಂತ ನೋಡಿ

ನೀವು ಕೇಳಿದ್ದು ಇಷ್ಟು. ಟೊರಾಂಟೋದಲ್ಲಿದ್ದೀರಿ, 5/10 ಸೆಂಟ್ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ದುಡ್ಡು) ಇರುವ ಆರು ಜನರ ಟೇಬಲ್‌ನಲ್ಲಿ ಆನ್‌ಲೈನ್ ಪೋಕರ್ ಆಡುತ್ತೀರಿ, ಕೈಗೆ 22ರಿಂದ 66ರವರೆಗಿನ ಜೋಡಿ (ಎರಡೂ ಒಂದೇ ಅಂಕಿಯ ಎಲೆ) ಬಂದರೆ ಯಾರು ರೈಸ್ ಮಾಡಿದರೂ (ಬೆಟ್ ಏರಿಸಿದರೂ) ಕಾಲ್ ಮಾಡುತ್ತೀರಿ (ಅಷ್ಟೇ ದುಡ್ಡು ಹಾಕುತ್ತೀರಿ), 3,000 ಕೈ ಆಡಿದ ಮೇಲೆ ನೋಡಿದರೆ ಈ ಜೋಡಿಗಳಲ್ಲೇ ಜಾಸ್ತಿ ದುಡ್ಡು ಹೋಗಿದೆ, ಅದರಲ್ಲೂ ಒಮ್ಮೆ ನಿಮ್ಮ 44 ಸೆಟ್ಟಿಗೆ (ಕೈಯ ಜೋಡಿಗೆ ಟೇಬಲ್ ಮೇಲೆ ಅದೇ ಅಂಕಿಯ ಮೂರನೇ ಎಲೆ ಬಂದರೆ ಸೆಟ್) ಎದುರಿನವರ 99 ಸೆಟ್ ಬಂದು ಪೂರ್ತಿ 10 ಡಾಲರ್ ಹೋಯಿತು. ಇವನ್ನೆಲ್ಲ ಸುಮ್ನೆ ಫೋಲ್ಡ್ ಮಾಡಿಬಿಡಲಾ (ಎಲೆ ಕೆಳಗಿಟ್ಟು ಬಿಡಲಾ) ಅಂತೀರಿ. ಬೇಡ. ಆದರೆ "ಯಾರು ರೈಸ್ ಮಾಡಿದರೂ" ಅನ್ನುವುದನ್ನು ಇವತ್ತೇ ಬಿಡಿ.

(ಊರಿನಿಂದ ಓದುತ್ತಿರುವವರಿಗೆ: ಭಾರತದಲ್ಲಿ 2025ರ ಕಾಯ್ದೆ ಬಂದ ಮೇಲೆ ದುಡ್ಡಿಟ್ಟು ಆಡಿಸುವ ಆನ್‌ಲೈನ್ ಆಟಗಳಿಗೆ ನಿಷೇಧವಿದೆ, ಪೋಕರ್ ಕೂಡ ಅದರಲ್ಲಿ ಸೇರಿದೆ. ಒಂಟಾರಿಯೋದಲ್ಲಿ 2022ರ ಏಪ್ರಿಲ್‌ನಿಂದ ಲೈಸೆನ್ಸ್ ಇರುವ ಖಾಸಗಿ ಸೈಟುಗಳಿವೆ. ನಾನು ಆಡುವುದೂ ಅಲ್ಲೇ.)

ಮೊದಲು ನಿಮ್ಮ 3,000 ಕೈಗಳ ಮಾತು. ಈ ಐದು ಜೋಡಿಗಳಲ್ಲಿ ಯಾವುದಾದರೊಂದು ಬರುವುದು ಸರಾಸರಿ 44 ಕೈಗೆ ಒಮ್ಮೆ. ಅಂದರೆ ನಿಮಗೆ ಬಂದಿರುವುದು ಸುಮಾರು 68 ಸಲ. ಅದರಲ್ಲಿ 40 ಸಲ ಫ್ಲಾಪ್ (ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡಿದಿರಿ ಅಂದುಕೊಳ್ಳಿ. ಸೆಟ್ ಆಗುವುದು ಎಂಟೂವರೆ ಸಲಕ್ಕೆ ಒಮ್ಮೆ, ಹಾಗಾಗಿ ಸಿಕ್ಕಿರುವುದು ನಾಲ್ಕೈದು ಸೆಟ್ ಅಷ್ಟೇ. ಅದರಲ್ಲಿ ಒಂದು ಆ 99ರ ಎದುರು ಹೋಯಿತು. ಇಷ್ಟರಿಂದ ಏನನ್ನೂ ತೀರ್ಮಾನ ಮಾಡಬೇಡಿ.

ಈಗ ಒಂದು ಕೈಯ ಲೆಕ್ಕ ನೋಡೋಣ. ಎಲ್ಲರ ಹತ್ತಿರ 10 ಡಾಲರ್ ಇದೆ, ಮೊದಲು ಆಡುವ ಸೀಟಿನವರು 30 ಸೆಂಟಿಗೆ ರೈಸ್ ಮಾಡಿದರು, ನೀವು ಬಟನ್‌ನಲ್ಲಿ (ಫ್ಲಾಪ್ ಆದ ಮೇಲೆ ಎಲ್ಲರಿಗಿಂತ ಕೊನೆಗೆ ಆಡುವ ಸೀಟು) 44 ಹಿಡಿದು ಕಾಲ್ ಮಾಡಿದಿರಿ. ಒಂದು ಸಲ ಸೆಟ್ ಸಿಗುವಷ್ಟರಲ್ಲಿ ಏಳೂವರೆ ಸಲ ಸಿಗದೆ 2 ಡಾಲರ್ 25 ಸೆಂಟ್ ಹೋಗಿರುತ್ತದೆ. ಪಾಟ್‌ನಲ್ಲಿ (ನಡುವೆ ಸೇರಿದ ದುಡ್ಡಿನಲ್ಲಿ) ಆಗಲೇ ಇದ್ದ 45 ಸೆಂಟ್ (ಅವರ 30, ಬ್ಲೈಂಡ್‌ಗಳ 15) ಕಳೆದರೆ, ಸೆಟ್ ಸಿಕ್ಕ ಪ್ರತಿ ಸಲವೂ ಎದುರಿನವರಿಂದ ಸರಾಸರಿ ಇನ್ನೂ 1 ಡಾಲರ್ 80 ಸೆಂಟ್ ಬರಲೇಬೇಕು. ಅದು ಬರೀ ಸಮಕ್ಕೆ ಸಮ, ಸೈಟಿನವರ ರೇಕ್ (ಪಾಟ್‌ನಿಂದ ಅವರು ಹಿಡಿಯುವ ಪಾಲು) ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಹಾಗಾದರೆ ಆ 1.80 ಯಾರು ಕೊಡುತ್ತಾರೆ? ಏಸ್ ಜೋಡಿ, ಕಿಂಗ್ ಜೋಡಿ ಹಿಡಿದು ಬಿಡಲಾರದವರು ಕೊಡುತ್ತಾರೆ. ಹತ್ತು ಕೈಗೆ ಒಂದು ಆಡುವ ಬಿಗಿ ಆಟಗಾರ ಮೊದಲ ಸೀಟಿನಿಂದ ರೈಸ್ ಮಾಡಿದರೆ ನಿಮ್ಮ 44ಕ್ಕೆ ಅದೇ ಒಳ್ಳೆಯ ಸಮಯ. ಕಟ್ಆಫ್‌ನಿಂದ (ಬಟನ್‌ಗಿಂತ ಒಂದು ಹಿಂದಿನ ಸೀಟು) ಕಂಡ ಕಂಡ ಎಲೆಗೆ ರೈಸ್ ಮಾಡುವವರ ಕೈಯಲ್ಲಿ ಹೆಚ್ಚಿನ ಸಲ ಏನೂ ಇರುವುದಿಲ್ಲ, ನಿಮ್ಮ ಸೆಟ್ಟಿಗೆ ಒಂದು ಬೆಟ್ ಕೊಟ್ಟು ಹೋಗುತ್ತಾರೆ. ಬಲವಾದ ಕೈ ಅಂತ ಹೆದರಿ ಫೋಲ್ಡ್ ಮಾಡಿ, ದುರ್ಬಲ ಕೈ ಅಂತ ಕಾಲ್ ಮಾಡುವುದು ತುಂಬಾ ಜನರ ಅಭ್ಯಾಸ. ಸಣ್ಣ ಜೋಡಿಯ ವಿಷಯದಲ್ಲಿ ಅದು ತಲೆಕೆಳಗು. ಎದುರಿನವರ ಹತ್ತಿರ ದುಡ್ಡು ಎಷ್ಟಿದೆ ಅಂತಲೂ ನೋಡಿ. ಕಾಲ್ ಮಾಡುವ ಮೊತ್ತದ 15ರಿಂದ 20 ಪಟ್ಟಾದರೂ ಇರಬೇಕು. ಮೂರ್ನಾಲ್ಕು ಡಾಲರ್ ಇಟ್ಟುಕೊಂಡು ಕೂತವರ ಎದುರು ಬೇಡವೇ ಬೇಡ.

ಇನ್ನು ಸೆಟ್ ಸಿಕ್ಕ ಮೇಲೆ. ಇಲ್ಲೇ ನಾನು ಮೊದಲ ವರ್ಷ ಪೂರ್ತಿ ತಪ್ಪು ಮಾಡಿದ್ದು, ಫ್ಲಾಪ್‌ನಲ್ಲಿ ಚೆಕ್ ಮಾಡಿ (ದುಡ್ಡು ಹಾಕದೆ ಸರದಿ ದಾಟಿಸಿ) ಕೈ ಮುಚ್ಚಿಡುತ್ತಿದ್ದೆ. ಮೇಲಿನ ಉದಾಹರಣೆಯಲ್ಲಿ ಬ್ಲೈಂಡ್‌ನವರು ಬಿಟ್ಟರೆ ಪಾಟ್ 75 ಸೆಂಟ್, ಇಬ್ಬರ ಹತ್ತಿರವೂ ಉಳಿದಿರುವುದು 9 ಡಾಲರ್ 70 ಸೆಂಟ್. ಅದೆಲ್ಲ ಒಳಗೆ ಬರಬೇಕಾದರೆ ಫ್ಲಾಪ್‌ನಲ್ಲಿ 75 ಸೆಂಟ್, ಟರ್ನ್‌ನಲ್ಲಿ (ನಾಲ್ಕನೇ ಎಲೆ) 2.25, ರಿವರ್‌ನಲ್ಲಿ (ಕೊನೆಯ ಐದನೇ ಎಲೆ) ಉಳಿದ 6.70 ಹೋಗಬೇಕು. ಅಂದರೆ ಮೂರು ಸುತ್ತಲ್ಲೂ ಪಾಟ್‌ನಷ್ಟೇ ಬೆಟ್. ಒಂದು ಸುತ್ತು ಚೆಕ್ ಆದರೆ, ಉಳಿದ ಎರಡರಲ್ಲಿ ಪಾಟ್‌ನಷ್ಟೇ ಹಾಕಿದರೂ ಬರುವುದು ಬರೀ 3 ಡಾಲರ್. ಈ ಲೆಕ್ಕ ಕಾಗದದ ಮೇಲೆ ಬರೆದು ನೋಡಿದ ದಿನದಿಂದ ನಾನು ಚೆಕ್ ಮಾಡುವುದನ್ನು ನಿಲ್ಲಿಸಿದೆ. ಎದುರಿನವರೇ ಬೆಟ್ ಮಾಡಿದರೆ ರೈಸ್ ಮಾಡಿ, ಅವರು ಚೆಕ್ ಮಾಡಿದರೆ ನೀವು ಬೆಟ್ ಮಾಡಿ. ಈ ಮಟ್ಟದ ಟೇಬಲ್‌ನಲ್ಲಿ ಕಾಲ್ ಮಾಡುವವರೇ ಜಾಸ್ತಿ ಅಲ್ವಾ, ಹೆದರಿಸಿ ಓಡಿಸಿಬಿಡುತ್ತೇನೆ ಅನ್ನುವ ಚಿಂತೆ ಬೇಡ.

ಸೆಟ್ ಸಿಗದಿದ್ದರೆ ಒಂದು ಬೆಟ್ಟಿಗೇ ಬಿಡಿ. 66 ಹಿಡಿದಾಗಲೂ 100ಕ್ಕೆ 96 ಸಲ ಫ್ಲಾಪ್‌ನಲ್ಲಿ ಆರಕ್ಕಿಂತ ದೊಡ್ಡ ಎಲೆ ಒಂದಾದರೂ ಇರುತ್ತದೆ.

ನಿಮಗಿಂತ ಮೊದಲು ಯಾರೂ ರೈಸ್ ಮಾಡಿಲ್ಲದಿದ್ದರೆ ಬಟನ್‌ನಲ್ಲಿ ಎಲ್ಲ ಜೋಡಿಗೂ ರೈಸ್ ಮಾಡಿ, ಲಿಂಪ್ (ಬರೀ ದೊಡ್ಡ ಬ್ಲೈಂಡ್‌ನಷ್ಟೇ ಹಾಕಿ ಒಳಬರುವುದು) ಬೇಡ. ಮೊದಲ ಸೀಟಿನಲ್ಲಿ ನಾನು 22ರಿಂದ 44ರವರೆಗೆ ಬಿಡುತ್ತೇನೆ. ನೀವು 30 ಸೆಂಟ್ ಹಾಕಿದ ಮೇಲೆ ಯಾರಾದರೂ 1 ಡಾಲರಿಗೆ ಏರಿಸಿದರೆ ಸಾಮಾನ್ಯವಾಗಿ ಫೋಲ್ಡ್ ಮಾಡಿ. ಆ 70 ಸೆಂಟ್ ವಾಪಸ್ ಬರಬೇಕಾದರೆ ಸೆಟ್ ಸಿಕ್ಕಾಗಲೆಲ್ಲ ಸರಾಸರಿ ಇನ್ನೂ 3.80 ಸಿಗಬೇಕು, ಅವರ ಹತ್ತಿರ ಏಸ್-ಕಿಂಗ್ ಇದ್ದು ಫ್ಲಾಪ್‌ನಲ್ಲಿ ಏನೂ ಸಿಗದಿದ್ದರೆ ಅದು ಬರುವುದಿಲ್ಲ.

ಆ 44–99 ಕೈ ನಿಮ್ಮನ್ನು ಇನ್ನೂ ಕಾಡುತ್ತಿದೆ ಅಂತ ಬರೆದಿದ್ದೀರಿ. ಇಬ್ಬರ ಕೈಯಲ್ಲೂ ಜೋಡಿ ಇದ್ದಾಗ ಇಬ್ಬರಿಗೂ ಫ್ಲಾಪ್‌ನಲ್ಲೇ ಸೆಟ್ ಆಗುವುದು 100ಕ್ಕೆ ಒಂದು ಸಲ. ಅಲ್ಲಿ ನೀವು ಮಾಡಿದ್ದು ಸರಿ. ನಾಳೆ ಅದೇ ಫ್ಲಾಪ್ ಬಂದರೂ 10 ಡಾಲರ್ ಪೂರ್ತಿ ಒಳಗೆ ಹಾಕಿ.